ಬೊಗಸೆ ಲೆಕ್ಕ ಬಿಟ್ಟ ಮೇಲೆ

ಹನಿ ನೀರಾವರಿಯ ಡ್ರಿಪ್ಪಿನಲ್ಲೇ ಗೊಬ್ಬರ ಬಿಡುತ್ತೇನೆ ಎಂದಾಗ ಪಕ್ಕದ ತೋಟದ ಅಣ್ಣ, "ಅಡಿಕೆ ಮರಕ್ಕೆ ಗ್ಲೂಕೋಸ್ ಏರಸ್ತ್ಯನೋ ತಮಾ?" ಎಂದು ನಕ್ಕಿದ್ದ. ಮೊನ್ನೆ ಅವನೇ ವೆಂಚುರಿ (ಗೊಬ್ಬರದ ನೀರನ್ನು ಪೈಪಿಗೆ ಎಳೆಯುವ ಸಾಧನ) ಎಲ್ಲಿ ತಂದೆ ಎಂದು ಕೇಳಿಕೊಂಡು ಬಂದ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಶಿರಸಿ ಸೀಮೆಯ ತೋಟ, ಫಸಲು ಕೊಡುವ ಮರ ಸಾವಿರದ ಆಸುಪಾಸು. ಮರಕ್ಕೆ ವರ್ಷಕ್ಕೆ ಸಾರಜನಕ, ರಂಜಕ, ಪೊಟ್ಯಾಷ್ 100:40:140 ಗ್ರಾಂ ಎಂಬ ಶಿಫಾರಸು ನಿಮಗೆಲ್ಲ ಬಾಯಿಪಾಠ. ನಾವು ಮಾತ್ರ ಮಿರ್ಗದ ಮಳೆಗೆ ಬುಡಕ್ಕೊಂದು ಬೊಗಸೆ ಚೆಲ್ಲಿದವರು. ಒಮ್ಮೆ ಆಳುಗಳ ಬೊಗಸೆಯನ್ನೇ ತಕ್ಕಡಿಗೆ ಹಾಕಿದೆ. ಒಬ್ಬನದು ಇನ್ನೂರು ಗ್ರಾಂ, ಇನ್ನೊಬ್ಬನದು ನಾನೂರರ ಮೇಲೆ! ಮುಂದಿನ ಆರಿದ್ರೆ ಮಳೆ ಹೊಡೆಯುವಷ್ಟರಲ್ಲಿ ಅರ್ಧ ಗೊಬ್ಬರ ಬಸಿಗಾಲುವೆಯ ಪಾಲು.

ಮೇಲಿನ ತೋಟ, ಕೆಳಗಿನ ತೋಟದ ಮಣ್ಣು ಬೇರೆಬೇರೆ ಪರೀಕ್ಷೆ ಮಾಡಿಸಿದೆ. ರಂಜಕ ಎರಡೂ ಕಡೆ ಬೇಕಾದಷ್ಟು. ಪೊಟ್ಯಾಷ್ ಕೆಳಗೆ ತೀರಾ ಕಡಿಮೆ. ಅಂಡೊಡಕ, ಅಂದರೆ ಎಳೆಕಾಯಿ ಸೀಳುವುದು, ಜಾಸ್ತಿ ಇದ್ದದ್ದೂ ಅಲ್ಲೇ.

ಮೊದಲ ವರ್ಷ ಮಣ್ಣು ಮುಕ್ಕಿದೆ. ಉಳಿದಿದ್ದ ಡಿಎಪಿ (ರಂಜಕದ ಗೊಬ್ಬರ) ಖರ್ಚಾಗಲಿ ಎಂದು ಕರಗಿಸಿ ಬಿಟ್ಟೆ. ಹನಿ ಬೀಳಿಸುವ ಎಮಿಟರ್ ಬಾಯಲ್ಲೆಲ್ಲ ಬಿಳಿ ಗಸಿ. ಆ್ಯಸಿಡ್ ಬಿಟ್ಟರೂ ಅರ್ಧ ಬಿಡಿಸಿಕೊಳ್ಳಲಿಲ್ಲ, ಬದಲಿಸಲು ಏಳು ಸಾವಿರ ಹೋಯಿತು. ಕೆಂಪು ಪೊಟ್ಯಾಷೂ ಹಾಗೆಯೇ ಫಿಲ್ಟರ್ ಕಟ್ಟಿಸಿತು. ಈಗ ಹಿಂದಿನ ರಾತ್ರಿಯೇ ಡ್ರಮ್ಮಿನಲ್ಲಿ ನೆನೆಸಿ, ಬೆಳಿಗ್ಗೆ ಮೇಲಿನ ತಿಳಿ ಮಾತ್ರ ಎಳೆಯುತ್ತೇನೆ. ಗಸಿ ಬೇಗ ತಳ ಹಿಡಿಯಲು ಒಂದು ಸಾಮಾನು ಹಾಕುವುದುಂಟು. ಅದು ಇಲ್ಲಿ ಬೇಡ, ಮನೆಗೆ ಬಂದರೆ ಹೇಳುತ್ತೇನೆ.

ಡಿಸೆಂಬರಿನಿಂದ ಮೇವರೆಗೆ ಹದಿನೈದು ದಿನಕ್ಕೊಮ್ಮೆ ಬಿಡುವುದು. ಮಳೆ ಹಿಂದೆ ಸರಿದ ಮೇಲೆ ಒಂದು ಸುತ್ತು ಕೈಯಲ್ಲಿ, ಅದೂ ಅಳತೆ ಮಾಡಿಟ್ಟ ಸ್ಟೀಲ್ ಲೋಟದಲ್ಲಿ.

ದುಡ್ಡಿನ ವಿಷಯ. ಯೂರಿಯಾ ಐದು ಚೀಲ ಇದ್ದದ್ದು ಮೂರೂವರೆಗೆ ಇಳಿಯಿತು. ಚೀಲಕ್ಕೆ 266 ರೂಪಾಯಿಯಂತೆ ಉಳಿದದ್ದು ನಾನೂರು, ಪೇಟೆಗೆ ಹೋಗಿಬರುವ ಪೆಟ್ರೋಲಿಗೆ ಸರಿ. ಪೊಟ್ಯಾಷ್ ಚೀಲ ಒಂದೂ ಕಡಿಮೆಯಾಗಲಿಲ್ಲ, ಮೇಲಿನ ಪಾಲು ಕೆಳಗೆ ಹೋಯಿತು ಅಷ್ಟೆ. ನಿಜವಾಗಿ ಉಳಿದದ್ದು ಆಳಿನ ದುಡ್ಡು. ಬುಡ ಬಿಡಿಸಿ, ಹಾಕಿ, ಮುಚ್ಚುವ ಎರಡು ಸುತ್ತಿಗೆ ಇಪ್ಪತ್ತು ಆಳು ಬೇಕಿತ್ತು, ಈಗ ಆರು. ವರ್ಷಕ್ಕೆ ಎಂಟು ಸಾವಿರದಷ್ಟು. ಟ್ಯಾಂಕು, ವೆಂಚುರಿ, ಫಿಲ್ಟರಿಗೆ ಹಾಕಿದ ಹದಿನಾಲ್ಕು ಸಾವಿರ ಎರಡು ವರ್ಷಕ್ಕೆ ಹುಟ್ಟಿತು. ಎಮಿಟರಿನ ದಂಡ ಬೇರೆ.

ಚಾಲಿ (ಒಣಗಿಸಿ ಸುಲಿದ ಅಡಿಕೆ) ಹದಿನಾರು ಕ್ವಿಂಟಲ್ ಇದ್ದದ್ದು ಹತ್ತೊಂಬತ್ತಾಯಿತು. ಆ ವರ್ಷ ಕೊಳೆರೋಗವೂ ಕಡಿಮೆ ಇತ್ತು, ಅರ್ಧ ಶ್ರೇಯ ಅದಕ್ಕೆ ಹೊಡೆದ ಬೋರ್ಡೋ ಔಷಧಕ್ಕೆ ಬಿಟ್ಟುಕೊಡುತ್ತೇನೆ. ಆದರೆ ಕೆಳಗಿನ ತೋಟದಲ್ಲಿ ಮರ ಹತ್ತಿ ಕೊಯ್ಯುವ ಕೊನೆಗೌಡ ಹಗ್ಗದಲ್ಲಿ ಅಡಿಕೆ ಕೊನೆ ಇಳಿಸುತ್ತ, "ಹೆಗಡೇರೆ, ಈ ಸಲ ಕೈ ಜಗ್ತದೆ" ಎಂದದ್ದಕ್ಕೆ ಪಾಲುದಾರರಿಲ್ಲ.

ಇದೇ ನೀರನ್ನು ಇಪ್ಪತ್ತು ಕಾಳುಮೆಣಸಿನ ಬಳ್ಳಿಗೂ ಬಿಟ್ಟು ನೋಡಿದೆ. ಎಲೆ ಕಪ್ಪಗೆ ಸೊಕ್ಕಿತು, ಕರೆ (ಮೆಣಸಿನ ತೆನೆ) ಮಾತ್ರ ಹೆಚ್ಚಲಿಲ್ಲ.