ಯಾರೂ ಇಲ್ದಿದ್ರೂ ಗೋಡೆ ಮೇಲೆ ಮಾತು ಮೂಡ್ತಿತ್ತು, ಸರಿ ಮಾಡಿದ್ದು ಹೀಗೆ

ಓಡಾಡೋ ಜನರ ಮಾತನ್ನ ಮೈಕ್‌ನಲ್ಲಿ ಹಿಡಿದು ಗೋಡೆ ಮೇಲೆ ಅಕ್ಷರವಾಗಿ ತೋರ್ಸೋ ಆರ್ಟ್ ಇನ್‌ಸ್ಟಲೇಶನ್, ಆದ್ರೆ ಯಾರೂ ಇಲ್ದಾಗ್ಲೂ 'ವಿಡಿಯೋ ನೋಡಿದ್ದಕ್ಕೆ ಧನ್ಯವಾದ' ಅಂತ ಸಾಲು ಸಾಲಾಗಿ ಬರ್ತಿತ್ತು. ಮೈಕ್ ಬದಲಾಯಿಸ್ದೆ, ಗೇನ್ (ಮೈಕ್ ಸದ್ದು ಹಿಡಿಯೋ ಮಟ್ಟ) ಇಳಿಸ್ದೆ, ಮಾತನ್ನ ಅಕ್ಷರ ಮಾಡೋ ಎಐ ಮಾಡೆಲ್‌ನ ಇನ್ನೂ ದೊಡ್ಡದು ಹಾಕ್ದೆ, ಊಹೂಂ. ನಾಯ್ಸ್ ರಿಡಕ್ಷನ್ ಹಾಕಿದ್ಮೇಲಂತೂ ಇದ್ದ ಮಾತೂ ಕೆಡ್ತು.

ಅಸಲಿಗೆ ಬರೀ ಫ್ಯಾನ್ ಸದ್ದು ಕೊಟ್ರೂ ಮಾಡೆಲ್ ಏನೋ ಒಂದು ಬರೆದುಬಿಡುತ್ತೆ, ಹಾಗಾಗಿ ಅದಕ್ಕೆ ಮೌನ ಕೊಡ್ಲೇಬಾರ್ದು. ಮೊದ್ಲು ಆಡಿಯೋನ 16,000 ಹರ್ಟ್ಸ್ ಮೊನೊ (ಒಂದೇ ಚಾನೆಲ್) ಮಾಡಿ, ಆಮೇಲೆ 120 ಹರ್ಟ್ಸ್‌ಗಿಂತ ಕೆಳಗಿನ ಗುಂಯ್ ಸದ್ದು ತಗ್ಗಿಸೋ ಹೈಪಾಸ್ ಫಿಲ್ಟರ್, ಆಮೇಲೆ ಎಲ್ಲಿ ಮಾತಿದೆ ಅಂತ ಪತ್ತೆ ಮಾಡೋ ಸಿಲೆರೊ ವಿಎಡಿ (ಥ್ರೆಶೋಲ್ಡ್ ಅಂದ್ರೆ ಮಾತು ಅನ್ನೋಕೆ ಬೇಕಾದ ಸ್ಕೋರ್ 0.6, ಕನಿಷ್ಠ ಮಾತು 400 ಮಿಲಿಸೆಕೆಂಡ್, ಮಾತಿನ ಹಿಂದೆ ಮುಂದೆ ಬಿಡೋ ಪ್ಯಾಡಿಂಗ್ 200 ಮಿಲಿಸೆಕೆಂಡ್), ಅದು ಮಾತು ಅಂದಿದ್ದು ಮಾತ್ರ ಮಾಡೆಲ್‌ಗೆ ಹೋಗ್ಬೇಕು. ಪ್ಯಾಡಿಂಗ್ ಬಿಟ್ರೆ 'ಹೋಗೋಣ' ಹೋಗಿ 'ಗೋಣ' ಆಗುತ್ತೆ. ಹಿಂದಿನ ಟೆಕ್ಸ್ಟ್ ನೋಡಿ ಮುಂದಿಂದು ಬರೆಯೋ ಆಪ್ಷನ್ನೂ ಆಫ್ ಮಾಡಿ, ಇಲ್ದಿದ್ರೆ ಒಂದೇ ಸಾಲು ಗಿರಕಿ ಹೊಡೆಯುತ್ತೆ.