ಮಾತ್ರೆ ಮೊದಲು, ಕಾಫಿ ಆಮೇಲೆ: ಹಿರಿಯರ ಥೈರಾಯ್ಡ್ ಆರೈಕೆ

ಸೋಮವಾರಪೇಟೆಯ ನಮ್ಮ ಔಷಧದ ಅಂಗಡಿಗೆ ಥೈರಾಯ್ಡ್ ಮಾತ್ರೆಗೆಂದು ಬರುವ ಹಿರಿಯರನ್ನು ನಾನು ಮೊದಲು ಕೇಳುವುದು, ಬೆಳಗಿನ ಕಾಫಿ ಎಷ್ಟು ಹೊತ್ತಿಗೆ ಎಂದು. ತೋಟದ ಮನೆಗಳಲ್ಲಿ ಎದ್ದ ಕೂಡಲೇ ಬೆಲ್ಲದ ಕಾಫಿ ಬೇಕು. ಹಲವರು ಅದರ ಜೊತೆಗೇ ಮಾತ್ರೆಯನ್ನೂ ನುಂಗುತ್ತಾರೆ. ಆಗ ಮಾತ್ರೆಯಲ್ಲಿರುವ ಥೈರಾಯ್ಡ್ ಹಾರ್ಮೋನು, ಅಂದರೆ ಲೆವೊಥೈರಾಕ್ಸಿನ್, ಪೂರ್ತಿ ರಕ್ತ ಸೇರುವುದಿಲ್ಲ. ಆ ಹಾರ್ಮೋನು ಸಾಲದಾದಾಗ ರಕ್ತಪರೀಕ್ಷೆಯಲ್ಲಿ ಏರುವ ಅಂಕಿ, ಟಿಎಸ್‌ಎಚ್, ಇಳಿಯುವುದಿಲ್ಲ, ಮಾತ್ರೆಯ ಪ್ರಮಾಣ ಸುಮ್ಮನೆ ಏರುತ್ತದೆ.

ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನಲ್ಲಿ ನುಂಗಿ. ಕಾಫಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಕಾಯಿರಿ. ಗರ್ವಾಲೆ ಕಡೆಯ ಅಜ್ಜಿಯೊಬ್ಬರು ಡಬ್ಬಿಯನ್ನೂ ಒಂದು ಲೋಟ ನೀರನ್ನೂ ಹಾಸಿಗೆಯ ಬಳಿಯೇ ಇಟ್ಟುಕೊಳ್ಳುತ್ತಾರೆ. ಒಲೆ ಹೊತ್ತಿಸುವ ಮೊದಲೇ ಮಾತ್ರೆ ಮುಗಿದಿರುತ್ತದೆ. ಕಾಫಿ ತಡೆದುಕೊಳ್ಳಲಾಗದವರು, ರಾತ್ರಿ ಊಟವಾಗಿ 3 ಗಂಟೆಯ ಮೇಲೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ 4 ಗಂಟೆ ಅಂತರವಿರಲಿ. ನಮ್ಮ ಮಳೆಗಾಲದ ತೇವ ಈ ಮಾತ್ರೆಗೆ ಆಗದು: ಮುಚ್ಚಳ ಬಿಗಿಯಾಗಿರಲಿ, ಬಚ್ಚಲಿನ ಬಳಿ ಇಡಬೇಡಿ.

ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ದೇಹದ ಚಯಾಪಚಯ ನಿಧಾನವಾಗುತ್ತದೆ. ದಣಿವು, ಮಲಬದ್ಧತೆ, ಒಣ ಚರ್ಮ, ಏರುವ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್, ತಡೆಯಲಾಗದ ಚಳಿ. ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ, ಮಳೆಯಲ್ಲಿ ಎಲ್ಲರಿಗೂ ಚಳಿಯೇ. ಏಪ್ರಿಲ್‌ನಲ್ಲೂ ಶಾಲು ಬಿಡದವರಿದ್ದರೆ ರಕ್ತಪರೀಕ್ಷೆ ಮಾಡಿಸಿ.

ಆದರೆ ವರದಿಯಲ್ಲಿ ಒಂದು ಅಂಕಿ ದಪ್ಪಕ್ಷರದಲ್ಲಿ ಕಂಡಿತೆಂದು ಗಾಬರಿ ಬೇಡ. ಎಪ್ಪತ್ತು ದಾಟಿದ ಮೇಲೆ ಟಿಎಸ್‌ಎಚ್ ತುಸು ಏರುವುದು ಸಹಜ. ರಕ್ತದಲ್ಲಿನ ಥೈರಾಯ್ಡ್ ಹಾರ್ಮೋನು, ಅಂದರೆ ಟಿ4, ಸರಿಯಿದ್ದು ಟಿಎಸ್‌ಎಚ್ 5, 6 ಇದ್ದರೆ ಎಷ್ಟೋ ಹಿರಿಯರಿಗೆ ಮಾತ್ರೆಯೇ ಬೇಕಾಗುವುದಿಲ್ಲ. ಇಂಥ 737 ಹಿರಿಯರ ಮೇಲೆ ಯುರೋಪಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲೆವೊಥೈರಾಕ್ಸಿನ್ ಪಡೆದವರ ದಣಿವು ಔಷಧವಿಲ್ಲದ ಮಾತ್ರೆ ನುಂಗಿದವರಿಗಿಂತ ಕಡಿಮೆಯಾಗಲಿಲ್ಲ.

ನನಗೆ ನಿಜಕ್ಕೂ ಭಯವಾಗುವುದು, ತೂಕ ಇಳಿಯಲಿ ಎಂದು ತಾವೇ ಒಂದು ಮಾತ್ರೆ ಹೆಚ್ಚಿಸಿಕೊಳ್ಳುವವರನ್ನು ಕಂಡಾಗ. ಹಾರ್ಮೋನು ಅತಿಯಾದರೆ ಹೃದಯದ ಬಡಿತ ತಾಳ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಇಳಿಜಾರಿನ ತೋಟದಲ್ಲಿ ಕಾಲು ಜಾರಿದರೆ ಸೊಂಟವೇ ಮುರಿಯಬಹುದು. ಎದೆ ಡವಡವ ಎಂದರೆ, ಕೈ ನಡುಗಿದರೆ, ಕಾರಣವಿಲ್ಲದೆ ತೂಕ ಇಳಿದರೆ ಅಂದೇ ವೈದ್ಯರಿಗೆ ಹೇಳಿ.

ಪ್ರಮಾಣ ಬದಲಾದ ಮೇಲೆ 6ರಿಂದ 8 ವಾರ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಅದಕ್ಕೂ ಮೊದಲು ಅಂಕಿ ನೆಲೆಗೊಳ್ಳುವುದಿಲ್ಲ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ನುಂಗುವವರು ರಕ್ತ ಕೊಡುವ ಎರಡು ದಿನ ಮೊದಲೇ ಅದನ್ನು ನಿಲ್ಲಿಸಿ, ಇಲ್ಲವಾದರೆ ವರದಿಯೇ ತಪ್ಪು ಬರಬಹುದು.