ಕಮಡೋರ್ 64ರ ಅಂಚು ತೆರೆದ ಕಥೆ

ಕಮಡೋರ್ 64 ಎಂಬ ಹಳೆಯ ಕಂಪ್ಯೂಟರ್ ಆನ್ ಮಾಡಿದರೆ ಪರದೆಯ ನಡುವೆ ಕಡುನೀಲಿ, ಸುತ್ತಲೂ ತಿಳಿನೀಲಿ ಅಂಚು. ಅಕ್ಷರ ಇರಲಿ, ಚಿತ್ರ ಇರಲಿ, ಎಲ್ಲ ನಡುವಿನ 320 ಚುಕ್ಕಿ ಅಗಲ, 200 ಚುಕ್ಕಿ ಎತ್ತರದ ಚೌಕಟ್ಟಿನೊಳಗೇ ಬರಬೇಕು. ಅಂಚಿನ ಬಣ್ಣ ಬದಲಾಯಿಸಬಹುದು, ಅಷ್ಟೇ. ಆ ಅಂಚಿನಲ್ಲಿ ಕನ್ನಡದಲ್ಲಿ ‘ನಮಸ್ಕಾರ’ ಬರೆಯಬೇಕು ಅನ್ನೋ ಹುಚ್ಚು ನನಗೆ ಹತ್ತಿತು.

ಹತ್ತಿಸಿದ್ದು ಬೂಜ್ ಡಿಸೈನ್ ಗುಂಪಿನವರು 2008ರಲ್ಲಿ ಹೊರತಂದ ‘ಎಡ್ಜ್ ಆಫ್ ಡಿಸ್‌ಗ್ರೇಸ್’ ಎಂಬ ಡೆಮೊ. ಡೆಮೊ ಅಂದರೆ ಆಟ ಅಲ್ಲ, ವಿಡಿಯೋ ಫೈಲೂ ಅಲ್ಲ. ಚಿತ್ರ, ಸಂಗೀತ ಎರಡನ್ನೂ ಅಲ್ಲೇ, ಆ ಕ್ಷಣದಲ್ಲೇ ಹುಟ್ಟಿಸುವ ಪ್ರೋಗ್ರಾಂ. ಎಂಬತ್ತರ ದಶಕದಲ್ಲಿ ಯುರೋಪಿನ ಹುಡುಗರು ಆಟಗಳ ನಕಲು ತಡೆಯುವ ಬೀಗ ಒಡೆದು, ಆಟ ಶುರುವಾಗುವ ಮೊದಲು ತಮ್ಮ ಹೆಸರು ಓಡಿಸುತ್ತಿದ್ದರು. ಆ ಹೆಸರಿನ ಪುಟವೇ ಬೆಳೆದು ಒಂದು ಕಲೆಯಾಯಿತು. ಫಿನ್‌ಲೆಂಡ್ 2020ರಲ್ಲಿ ಇದನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೇ ಸೇರಿಸಿತು. ಬೀಗ ಒಡೆಯುವುದರಿಂದ ಶುರುವಾದದ್ದು, ನೋಡಿ!

ಪಿಸಿಯಲ್ಲಿ ಫ್ಯೂಚರ್ ಕ್ರೂ ಮಾಡಿದ ‘ಸೆಕೆಂಡ್ ರಿಯಾಲಿಟಿ’ (1993) ಜಾಸ್ತಿ ಹೆಸರುವಾಸಿ. ನನಗೆ ಮಾತ್ರ 64ರ ಮೇಲೇ ಮನಸ್ಸು. 1982ರ ಯಂತ್ರ, ಸುಮಾರು 1 ಮೆಗಾಹರ್ಟ್ಸ್ ವೇಗ, 64 ಕೆಬಿ ಮೆಮೊರಿ. ಇಡೀ ಯಂತ್ರ ಒಬ್ಬನ ತಲೆಯಲ್ಲಿ ಹಿಡಿಯುತ್ತದೆ. ಹಗಲೆಲ್ಲ ಆಫೀಸಿನಲ್ಲಿ ಜಾವಾ ಬರೆಯುವವನಿಗೆ ಇದೇ ದೊಡ್ಡ ಸುಖ.

ಹಳೆಯ ಯಂತ್ರದ ಹಾಗೇ ನಡೆದುಕೊಳ್ಳುವ ವೈಸ್ ಎಂಬ ಎಮ್ಯುಲೇಟರ್ ಪ್ರೋಗ್ರಾಂ ಲ್ಯಾಪ್‌ಟಾಪಿಗೆ ಹಾಕಿಕೊಂಡು ಕೂತೆ. ಮೊದಲು ಕಲಿತದ್ದು ಎಣಿಸುವುದು. ಯುರೋಪಿನ ಪ್ಯಾಲ್ ಎಂಬ ಟಿವಿ ಪದ್ಧತಿಯ ಯಂತ್ರದಲ್ಲಿ ಟಿವಿಯ ಕಿರಣ ಮೇಲಿಂದ ಕೆಳಕ್ಕೆ 312 ಸಾಲು ಎಳೆಯುತ್ತದೆ, ಸೆಕೆಂಡಿಗೆ 50 ಸಲ. ಒಂದು ಸಾಲಿಗೆ ಪ್ರೊಸೆಸರ್‌ಗೆ ಸಿಗುವುದು 63 ಸೈಕಲ್, ಅಂದರೆ ಅದರ ಗಡಿಯಾರದ 63 ಮಿಡಿತ. ಒಂದು ಸೈಕಲ್ ಕಳೆಯುವಷ್ಟರಲ್ಲಿ ಕಿರಣ 8 ಚುಕ್ಕಿ ಮುಂದೆ ಹೋಗಿರುತ್ತದೆ. ಅಂಚಿನ ಬಣ್ಣದ ಮೆಮೊರಿ ವಿಳಾಸ 53280. ಅಲ್ಲಿಗೆ ಒಂದು ಅಂಕಿ ಬರೆಯಲು 4 ಸೈಕಲ್, ಅಂದರೆ 32 ಚುಕ್ಕಿ. ಸಾಲು ಸಾಲಿಗೂ ಬಣ್ಣ ಬದಲಿಸುತ್ತಾ ಹೋದರೆ ಅಡ್ಡಪಟ್ಟಿಗಳು ಮೂಡುತ್ತವೆ.

ಮೂಡಿದವು. ಆದರೆ ಪಟ್ಟಿಯ ತುದಿ ಚಳಿ ಹಿಡಿದವರ ಹಾಗೆ ನಡುಗುತ್ತಿತ್ತು. ಕಿರಣ ಇಂಥ ಸಾಲಿಗೆ ಬಂದಾಗ ನನ್ನನ್ನು ಕರೆ ಅಂತ, ಪರದೆಯ ಚಿತ್ರ ನೋಡಿಕೊಳ್ಳುವ ವಿಕ್ ಚಿಪ್‌ಗೆ ಹೇಳಿಟ್ಟಿರುತ್ತೇವೆ. ಅದು ಕರೆದರೂ ಪ್ರೊಸೆಸರ್ ಕೈಯಲ್ಲಿರುವ ಕೆಲಸ ಮುಗಿಸದೆ ಏಳುವುದಿಲ್ಲ. ಆ ಕೆಲಸ 2 ಸೈಕಲ್‌ನದೂ ಇರಬಹುದು, 7ರದೂ ಇರಬಹುದು. ಹಾಗಾಗಿ ನಡುಕ. ಇದಕ್ಕೆ ಡೆಮೊ ಮಾಡುವವರ ಮದ್ದು ಎರಡು ಕರೆ. ಮೊದಲ ಕರೆಗೆ ಎದ್ದು, ಸುಮ್ನೆ ‘ನಾಪ್’ ಅನ್ನೋ ಏನೂ ಮಾಡದ ಆದೇಶಗಳ ಸಾಲಿನಲ್ಲಿ ಕಾಯುತ್ತಾ ಕೂರಬೇಕು. ಒಂದೊಂದೂ 2 ಸೈಕಲ್. ಎರಡನೇ ಕರೆ ಬಂದಾಗ ತಪ್ಪು ಹೆಚ್ಚೆಂದರೆ ಒಂದೇ ಸೈಕಲ್‌ನದು. ಅದನ್ನೂ ಹೀಗೆ ತಿನ್ನಬಹುದು: ಬ್ರಾಂಚ್, ಅಂದರೆ ಷರತ್ತು ನೋಡಿ ಬೇರೆ ಕಡೆ ಜಿಗಿಯುವ ಆದೇಶ, ಜಿಗಿದರೆ 3 ಸೈಕಲ್, ಜಿಗಿಯದಿದ್ದರೆ 2. ಬೇಗ ಬಂದವನು ಜಿಗಿಯಲಿ, ತಡವಾದವನು ನೇರ ಹೋಗಲಿ. ಇಷ್ಟು ಸರಿಯಾಗಲು ನನಗೆ ಮೂರು ವಾರಾಂತ್ಯ ಹಿಡಿಯಿತು.

ಆಮೇಲೆ ಅಂಚು. ಇದನ್ನು ಅಪಾರ್ಟ್‌ಮೆಂಟಿನ ವಾಚ್‌ಮ್ಯಾನ್ ಕಥೆ ಅಂದುಕೊಳ್ಳಿ. ವಾಚ್‌ಮ್ಯಾನ್ ಅಂದರೆ ವಿಕ್ ಚಿಪ್, ಗೇಟು ಹಾಕುವುದು ಅಂದರೆ ಅಂಚು ಶುರುಮಾಡುವುದು. ಪರದೆಯಲ್ಲಿ ಅಕ್ಷರಗಳ 25 ಸಾಲು ಇದ್ದರೆ ಅವನು 251ನೇ ಗೆರೆಯಲ್ಲಿ ಗೇಟು ಹಾಕುತ್ತಾನೆ. 24 ಸಾಲು ಇದ್ದರೆ 247ರಲ್ಲೇ ಹಾಕುತ್ತಾನೆ. ಕಿರಣ 247 ದಾಟುವವರೆಗೆ 25 ಅಂತ ಹೇಳಿರಿ. 249ಕ್ಕೆ ಬಂದಾಗ 53265ನೇ ವಿಳಾಸದಲ್ಲಿ 27 ಇದ್ದದ್ದನ್ನು 19 ಮಾಡಿ, ‘ಇವತ್ತು 24ರ ದಿನ’ ಅನ್ನಿ. ಅವನು 247ಕ್ಕೆ ಕಾಯುತ್ತಾನೆ. ಅದು ಆಗಲೇ ಹೋಗಿಬಿಟ್ಟಿದೆ. ಗೇಟು ಹಾಕುವುದೇ ಇಲ್ಲ! ಕೆಳಗಿನ ಅಂಚೂ ಮಾಯ, ಅದರ ಜೊತೆ ಮೇಲಿನದೂ ಮಾಯ. ಮುಂದಿನ ಸುತ್ತಿಗೆ ಮೊದಲು ಮತ್ತೆ 27 ಮಾಡಿಡಬೇಕು, ಮರೆತರೆ ಟ್ರಿಕ್ ಒಂದೇ ಸಲಕ್ಕೆ ಮುಗಿಯುತ್ತದೆ.

ಮೊದಲ ಸಲ ತೆರೆದಾಗ ಖುಷಿಗಿಂತ ಗಾಬರಿಯೇ ಜಾಸ್ತಿ. ತೆರೆದ ಜಾಗದ ತುಂಬ ಉದ್ದುದ್ದ ಕಪ್ಪು ಗೆರೆಗಳು. ಎರಡು ರಾತ್ರಿ ನನ್ನ ಕೋಡನ್ನೇ ಬೈದೆ. ಕೊನೆಗೆ ನೋಡಿದರೆ, ಆ ಜಾಗದಲ್ಲಿ ತೋರಿಸಲು ಏನೂ ಇಲ್ಲದಾಗ ವಿಕ್ ಚಿಪ್ 16383ನೇ ವಿಳಾಸದ ಬೈಟನ್ನೇ ಮತ್ತೆ ಮತ್ತೆ ಓದುತ್ತದಂತೆ. ಅಲ್ಲಿ ನನ್ನದೇ ಯಾವುದೋ ಹಳೆಯ ಅಂಕಿ ಬಿದ್ದಿತ್ತು. ಸೊನ್ನೆ ಬರೆದೆ, ಗೆರೆಗಳು ಹೋದವು.

ಅಲ್ಲಿ ಅಕ್ಷರ ಕೂರುವುದಿಲ್ಲ, ಸ್ಪ್ರೈಟ್ ಮಾತ್ರ ಕೂರುತ್ತದೆ, ಅಂದರೆ ಪರದೆಯ ಮೇಲೆ ಎಲ್ಲಿ ಬೇಕಾದರೂ ಇಡಬಹುದಾದ ಪುಟ್ಟ ಚಿತ್ರ. ಒಂದು ಸ್ಪ್ರೈಟ್ 24 ಚುಕ್ಕಿ ಅಗಲ, 21 ಚುಕ್ಕಿ ಎತ್ತರ, ಒಟ್ಟು 63 ಬೈಟ್. (ಮತ್ತೆ 63!) ನ, ಮ, ಸ್ಕಾ, ರ ಅಂತ ನಾಲ್ಕು ಬೇಕು, ಯಂತ್ರದಲ್ಲಿ ಎಂಟಿವೆ. ಮಗಳ ಗಣಿತದ ಚೌಕುಳಿ ಪುಸ್ತಕದಲ್ಲಿ ಪೆನ್ಸಿಲಿನಿಂದ ತುಂಬಿಸುತ್ತಾ ಹೋದೆ. ನ, ಮ, ರ ಬೇಗ ಆದವು. ‘ಸ್ಕಾ’ ಕಾಡಿತು. ಕ ಒತ್ತಿಗೆ ಕೆಳಗೆ 7 ಸಾಲು ಬಿಟ್ಟರೆ ಮೇಲಿನ ಸ ಕುಳ್ಳಾಗುತ್ತದೆ. ಆಮೇಲೆ ನಾಲ್ಕೂ ಅಕ್ಷರಗಳನ್ನು ಅದಕ್ಕೆ ತಕ್ಕಂತೆ ಕುಳ್ಳು ಮಾಡಬೇಕು. ಕಡೆಗೆ ಹಾಗೇ ಮಾಡಿದೆ. ಅಕ್ಷರಗಳ ಹಿಂದೆ ಬಣ್ಣದ ಪಟ್ಟಿ ಓಡಿಸುವ ಆಸೆಯೂ ಇತ್ತು. ಆದರೆ ಸ್ಪ್ರೈಟ್ ತರಲು ಚಿಪ್ ಪ್ರತಿ ಸಾಲಿನಲ್ಲೂ ಪ್ರೊಸೆಸರ್‌ನ ಸೈಕಲ್ ಕಸಿಯುತ್ತದೆ, ಒಂದಕ್ಕೆ ಎರಡರಂತೆ. ನನ್ನ ಲೆಕ್ಕವೆಲ್ಲ ತಪ್ಪಿತು. ಪಟ್ಟಿಗಳನ್ನು ಮೇಲಿನ ಅಂಚಿಗೆ ಕಳಿಸಿದೆ.

ಇಷ್ಟರಲ್ಲಿ ಅಮೆರಿಕದಲ್ಲಿರುವ ಭಾವ ರಜೆಗೆ ಬರುವಾಗ ಹಳೆಯ ಕಮಡೋರ್ 64 ಒಂದನ್ನು ಹೊತ್ತು ತಂದರು. ಎಸ್.ಪಿ. ರೋಡಿಗೆ ಹೋಗಿ 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ತಂದೆ. ಮನೆಯವರೆಲ್ಲ ಟಿವಿ ಮುಂದೆ ಕೂತರು. ಆನ್ ಮಾಡಿದರೆ ಮೇಲಿನ ಪಟ್ಟಿಗಳು ಬಹುಪಾಲು ನಾಪತ್ತೆ! ಕಂಡ ನಾಲ್ಕಾರು ಸಾಲೂ ಓರೆ. ತಲೆಗೆ ಹೊಳೆಯಲು ಒಂದು ನಿಮಿಷ ಬೇಕಾಯಿತು. ಅಮೆರಿಕದ ಯಂತ್ರದ ಟಿವಿ ಪದ್ಧತಿ ಎನ್‌ಟಿಎಸ್‌ಸಿ: ಸಾಲುಗಳು 263 ಮಾತ್ರ, ಸಾಲಿಗೆ 65 ಸೈಕಲ್. ಮೇಲಿನ ಅಂಚು ತೀರ ತೆಳು. ನಾನು 63 ಎಣಿಸಿ ಬರೆದವನು. ಪ್ರತಿ ಸಾಲಿಗೂ 2 ಸೈಕಲ್ ಮೊದಲೇ ಬಣ್ಣ ಬದಲಾಗುತ್ತಿತ್ತು, ಅಂದರೆ 16 ಚುಕ್ಕಿ ಎಡಕ್ಕೆ.

ಕೆಳಗೆ ಮಾತ್ರ ‘ನಮಸ್ಕಾರ’ ಅಲುಗಾಡದೆ ನಿಂತಿತ್ತು. 247, 251ರ ಲೆಕ್ಕ ಎರಡೂ ಯಂತ್ರದಲ್ಲಿ ಒಂದೇ ಅಲ್ವಾ.

“ಇಷ್ಟಕ್ಕೆ ಎಷ್ಟು ದಿನ ಆಯ್ತೋ?” ಅಂದರು ಭಾವ.

“ಐದು ತಿಂಗಳು, ಭಾವ.”

“ಫೋನಲ್ಲಿ ಮೆಸೇಜ್ ಹಾಕಿದ್ರೆ ಆಗ್ತಿತ್ತಲ್ಲೋ.”

ಅವರು ಮಲಗಿದ ಮೇಲೆ ಸಾಲಿಗೊಂದು ನಾಪ್ ಸೇರಿಸಿದೆ. ನಡುಕ ನಿಲ್ಲಿಸುವ ಭಾಗವನ್ನು ಮತ್ತೆ ಮೊದಲಿಂದ ಎಣಿಸಿದೆ. ಪಟ್ಟಿಗಳನ್ನು ಎಂಟು ಸಾಲಿಗೆ ಇಳಿಸಿದ ಮೇಲೆ ನೆಟ್ಟಗಾದವು. ಈಗ ಎಡ ಬಲದ ಅಂಚಿನ ಹಿಂದೆ ಬಿದ್ದಿದ್ದೇನೆ. ಅಲ್ಲೂ ವಾಚ್‌ಮ್ಯಾನ್ ಇದ್ದಾನೆ. ಆದರೆ ಅವನನ್ನು ಒಂದೊಂದು ಸಾಲಿನಲ್ಲೂ ಯಾಮಾರಿಸಬೇಕು, ಅದೂ ನಿಗದಿಯಾದ ಒಂದೇ ಸೈಕಲ್‌ನಲ್ಲಿ.